ನಾಲ್ಕನೇ ಮೂಲೆ

ನಮ್ಮಣ್ಣನಿಗೆ ಚುಕ್ಕೆ ಕಂಡರಾಗದು. ಮುಖದ ಮೇಲಿನ ಮೊಡವೆ, ಕಾಲರಿನ ಮೇಲಿನ ಕೊಳೆ, ಹಿಂದಿನ ಗೋಡೆಯ ಮೇಲೆ ತಪ್ಪಿ ಬಂದು ಕುಳಿತ ಸೊಳ್ಳೆ, ಇವು ಯಾವುವೂ ಇವತ್ತಿನವರೆಗೆ ಅವನ ಸ್ಟುಡಿಯೋದ ಬಾಗಿಲು ದಾಟಿ ಹೊರಗೆ ಹೋದದ್ದಿಲ್ಲ. ನಲವತ್ತು ವರ್ಷದಿಂದ ಅವನದು ಫೋಟೋಗಳಿಗೆ ಟಚಿಂಗ್ ಮಾಡುವ ಕೆಲಸ. ಈಗ ಎಲ್ಲರೂ ಅದನ್ನು ಕಂಪ್ಯೂಟರಿನಲ್ಲೇ ಮುಗಿಸುತ್ತಾರಂತೆ, ಮುಗಿಸಲಿ. ಅಣ್ಣ ಮಾತ್ರ ಪ್ರಿಂಟ್ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ನಾಲ್ಕೇ ಕೂದಲಿನ ಕುಂಚದಿಂದ ಬಣ್ಣ ಇಡುತ್ತಾ ಕೂರುತ್ತಾನೆ. ಕುಂಚದ ತುದಿ ಚೂಪಾಗಲೆಂದು ಆಗಾಗ ನಾಲಿಗೆಗೆ ತಾಗಿಸಿಕೊಳ್ಳುವುದು ಅವನ ಹಳೆಯ ಚಾಳಿ. ಸೋಂಕು ಬಂದು ಊರೆಲ್ಲ ಮಾಸ್ಕ್ ಹಾಕಿಕೊಂಡ ಮೇಲೂ ಅದು ಬಿಡಲಿಲ್ಲ. ಮಾಸ್ಕ್ ಕೆಳಗೆ, ಕುಂಚ ನಾಲಿಗೆಗೆ, ಮಾಸ್ಕ್ ಮೇಲೆ. ಮಧ್ಯಾಹ್ನದ ಊಟದ ಹೊತ್ತಿಗೆ ಮಾಸ್ಕಿನ ಮೇಲೊಂದು ಮೀಸೆ ಮೂಡಿರುತ್ತಿತ್ತು.

ನಾನು ಅವನ ತಂಗಿ. ಸ್ಟುಡಿಯೋದ ಹಿಂದಿನ ಕೋಣೆ ನನ್ನದು. ಅವನು ಚೆಂದ ಮಾಡಿಕೊಟ್ಟ ಮುಖಗಳಿಗೆ ಕಟ್ಟು ಹಾಕುವುದು ನನ್ನ ಕೆಲಸ. ಮರದ ಪಟ್ಟಿಗಳನ್ನು ಓರೆಯಾಗಿ ಕೊಯ್ದು, ನಾಲ್ಕು ಮೂಲೆ ಕೂಡಿಸಿ, ಗಾಜು ಕೂರಿಸಿ, ಹಿಂದೆ ರಟ್ಟು ಹೊಡೆಯಬೇಕು. ಮೂಲೆಯಲ್ಲಿ ಕೂದಲೆಳೆಯಷ್ಟು ಸಂದು ಕಂಡರೂ ಬಿಚ್ಚಿ ಮತ್ತೆ ಮಾಡುತ್ತೇನೆ. ಅಣ್ಣನಿಗೆ ಚುಕ್ಕೆಯ ಹುಚ್ಚು, ನನಗೆ ಮೂಲೆಯ ಹುಚ್ಚು. ಈ ಎರಡು ಹುಚ್ಚುಗಳ ನಡುವೆ ಕೌಂಟರಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಅತ್ತಿಗೆ ಕೂರುತ್ತಾಳೆ. ಅವಳೊಬ್ಬಳು ಇಲ್ಲದಿದ್ದರೆ ನಮ್ಮಿಬ್ಬರ ಅಂಗಡಿ ಎಂದೋ ಬಾಗಿಲು ಹಾಕಿರುತ್ತಿತ್ತು.

ನನ್ನ ಬಲಗೆನ್ನೆಯ ಮೇಲೆ, ತುಟಿಯಿಂದ ಒಂದು ಬೆರಳಿನಷ್ಟು ದೂರದಲ್ಲಿ, ಮೆಣಸಿನ ಕಾಳಿನಷ್ಟು ದಪ್ಪ ಮಚ್ಚೆಯಿದೆ. ಹುಟ್ಟಿನಿಂದ ಬಂದದ್ದು. ಅದರಿಂದ ನನಗೇನೂ ತೊಂದರೆಯಿಲ್ಲ. ತೊಂದರೆ ಅಣ್ಣನಿಗೆ. ನನಗೆ ಇಪ್ಪತ್ತೊಂದಿದ್ದಾಗ ಒಂದು ಒಳ್ಳೆಯ ಸಂಬಂಧ ಬಂತು. ಹುಡುಗನ ಕಡೆಯವರು ಫೋಟೋ ಕೇಳಿದರು. ಆಗಷ್ಟೇ ಸ್ವಂತ ಸ್ಟುಡಿಯೋ ತೆರೆದಿದ್ದ ಅಣ್ಣ ನನ್ನನ್ನು ದೀಪದ ಕೆಳಗೆ ಕೂರಿಸಿ ಫೋಟೋ ತೆಗೆದ. ಆಮೇಲೆ ತಂಗಿಯ ಮೇಲಿನ ಪ್ರೀತಿಯಿಂದ ಕುಂಚ ನಾಲಿಗೆಗೆ ತಾಗಿಸಿ, ಆ ಮಚ್ಚೆಯನ್ನು ಕೆನ್ನೆಯ ಬಣ್ಣದಲ್ಲಿ ಮುಚ್ಚಿಬಿಟ್ಟ. ಹುಡುಗನ ಕಡೆಯವರು ಫೋಟೋ ನೋಡಿ ಕುಣಿದಾಡಿಕೊಂಡು ಬಂದರು. ಬಂದವರು ನನ್ನ ಮುಖ ನೋಡಿದರು, ಫೋಟೋ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ‘ಈ ಫೋಟೋದಲ್ಲಿರೋದು ನೀವೇನಾ?’ ಎಂದು ಹುಡುಗನ ಅತ್ತೆಯೊಬ್ಬಳು ಕೇಳಿದಳು. ಮಚ್ಚೆ ಇದ್ದದ್ದಕ್ಕಲ್ಲ, ಮುಚ್ಚಿಟ್ಟದ್ದಕ್ಕೆ ಅವರಿಗೆ ಸಿಟ್ಟು. ಇನ್ನೇನೇನು ಮುಚ್ಚಿಟ್ಟಿದ್ದಾರೋ ಎಂದು ಗೊಣಗುತ್ತಾ ಎದ್ದು ಹೋದರು.

ಸುದ್ದಿಗೆ ಕಾಲು ಬಂತು. ಆಮೇಲೆ ಬಂದ ಒಂದೆರಡು ಸಂಬಂಧಗಳೂ ಬಾಗಿಲಿನಿಂದಲೇ ತಿರುಗಿದವು. ನಾನು ಅಣ್ಣನ ಹಿಂದಿನ ಕೋಣೆ ಸೇರಿಕೊಂಡು ಗಾಜು ಕೊಯ್ಯುವುದನ್ನು ಕಲಿತೆ.

ಇಷ್ಟಾದರೂ ಆ ಫೋಟೋವನ್ನು ಅಣ್ಣ ಹರಿದು ಹಾಕಲಿಲ್ಲ. ಅವನ ಕೈಕೆಲಸದಲ್ಲಿ ಅದಕ್ಕಿಂತ ಚೆಂದದ್ದು ಇನ್ನೊಂದಿರಲಿಲ್ಲ. ವಾರ್ನಿಷ್ ಹೊಡೆದು, ನನ್ನ ಕೈಯಲ್ಲೇ ಕಟ್ಟು ಹಾಕಿಸಿ, ರಸ್ತೆಗೆ ಕಾಣುವ ಹಾಗೆ ಶೋಕೇಸಿನಲ್ಲಿ ನಿಲ್ಲಿಸಿದ. ಮೂವತ್ತು ವರ್ಷದಿಂದ ಅವಳು ಅಲ್ಲೇ ನಿಂತಿದ್ದಾಳೆ. ಇಪ್ಪತ್ತೊಂದು ವಯಸ್ಸು, ಬೆಣ್ಣೆಯಂಥ ಕೆನ್ನೆ. ನಾನು ಅವಳನ್ನು ಶೋಕೇಸಿನವಳು ಅನ್ನುತ್ತೇನೆ. ದಿನಾ ಬೆಳಿಗ್ಗೆ ಬಾಗಿಲು ತೆಗೆಯುವಾಗ ಅವಳ ಗಾಜಿನ ಮೇಲಿನ ಧೂಳು ಒರೆಸುವುದೂ ನಾನೇ. ಗಿರಾಕಿಗಳು ಅವಳನ್ನು ತೋರಿಸಿ ‘ನಮಗೂ ಹೀಗೇ ಮಾಡಿಕೊಡಿ’ ಅನ್ನುತ್ತಾರೆ. ಅವಳು ಯಾರೆಂದು ಒಬ್ಬರಾದರೂ ಕೇಳಿದ್ದಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದಾಗಲೂ ಕೇಳಿದ್ದಿಲ್ಲ.

ಇನ್ನು ಗಾಜಿನವರ ವಿಷಯ. ರೈಲಿನಲ್ಲಿ ನಾಲ್ಕು ಗಂಟೆಯ ದಾರಿಯ ಊರಿನಲ್ಲಿ ಅವರದೊಂದು ಗಾಜಿನ ಅಂಗಡಿ. ಹದಿನೆಂಟು ವರ್ಷದಿಂದ ನಮಗೆ ಗಾಜು ಅವರದೇ. ಪ್ರತಿ ಮಂಗಳವಾರ ಹನ್ನೊಂದು ಗಂಟೆಗೆ ಅವರ ಫೋನ್ ಬರುತ್ತದೆ. ‘ಗಾಜು ಬೇಕಾ?’ ಎಂದು ಕೇಳುತ್ತಾರೆ. ನಾನು ಅಳತೆ ಹೇಳುತ್ತೇನೆ. ವರ್ಷಕ್ಕೆ ಎರಡು ಸಲ ವ್ಯಾನಿನಲ್ಲಿ ತಾವೇ ಬಂದು ಇಳಿಸಿ ಹೋಗುತ್ತಾರೆ. ಹೆಂಡತಿ ತೀರಿಕೊಂಡು ಹತ್ತು ವರ್ಷವಾದ, ಗಾಜು ಹಿಡಿದು ಹಿಡಿದು ಎಲ್ಲವನ್ನೂ ಮೆಲ್ಲಗೆ ಇಡುವ ಅಭ್ಯಾಸವಾದ ಮನುಷ್ಯ. ಸೋಂಕಿನ ಮೊದಲ ವರ್ಷ ಸ್ಟುಡಿಯೋಗೆ ಬೀಗ ಬಿತ್ತು. ಮುಖವೇ ಮುಚ್ಚಿಕೊಂಡು ಓಡಾಡುವ ಕಾಲದಲ್ಲಿ ಫೋಟೋ ತೆಗೆಸುವವರು ಯಾರು, ಕಟ್ಟು ಹಾಕಿಸುವವರು ಯಾರು? ಆದರೂ ಮಂಗಳವಾರ ಹನ್ನೊಂದಕ್ಕೆ ಫೋನ್ ಬಡಿಯುವುದು ನಿಲ್ಲಲಿಲ್ಲ.

‘ಗಾಜು ಬೇಕಾ?’

‘ಬೇಡ.’

‘ಸರಿ. ಮತ್ತೆ, ಊಟ ಆಯ್ತಾ?’

ಹನ್ನೊಂದು ಗಂಟೆಗೆ ಎಂಥ ಊಟ? ಆದರೂ ಆಯಿತು ಎನ್ನುತ್ತಿದ್ದೆ. ಹಾಗೆ ಶುರುವಾದ ಮಾತು ಹನ್ನೆರಡರವರೆಗೆ ನಡೆಯುತ್ತಿತ್ತು. ಅತ್ತಿಗೆ ಗಡಿಯಾರ ನೋಡಿ, ನನ್ನನ್ನು ನೋಡಿ, ಮಾಸ್ಕಿನೊಳಗೇ ನಗುತ್ತಿದ್ದಳು. ಹೀಗೇ ಒಂದೂವರೆ ವರ್ಷವಾಯಿತು. ಒಂದು ಮಂಗಳವಾರ ಅವರು ಎಂದಿನಂತೆ ಗಾಜು ಬೇಕಾ ಎಂದರು, ನಾನು ಬೇಡ ಎಂದೆ. ಆಮೇಲೆ, ‘ನಾನು ಬೇಕಾ?’ ಎಂದರು.

ನನ್ನ ಬಾಯಿಂದ ಏನು ಬರಬೇಕಿತ್ತೋ, ಬಂದದ್ದು ಮಾತ್ರ ಅಭ್ಯಾಸಬಲದಿಂದ, ‘ಯಾವ ಸೈಜು?’

‘ಐದಡಿ ಆರಿಂಚು,’ ಎಂದರು ಅವರು, ಒಂದು ಚೂರೂ ನಗದೆ. ‘ಅಂಚು ಸ್ವಲ್ಪ ಸವೆದಿದೆ. ಬಿರುಕೇನೂ ಇಲ್ಲ.’

ನನಗೆ ಐವತ್ತೊಂದು. ಆ ವಯಸ್ಸಿನಲ್ಲಿ ಕೆನ್ನೆ ಕೆಂಪಾಗುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಆಗಲಿ ಎಂದೆ. ಅತ್ತಿಗೆ ಓಡಿ ಬಂದು ತಬ್ಬಿಕೊಂಡಳು, ಅಂತರ ಗಿಂತರ ಎಲ್ಲ ಆಮೇಲೆ ನೆನಪಾಯಿತು. ಅಣ್ಣ ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆಯದೆಯೇ ‘ಒಳ್ಳೇದಾಯ್ತು’ ಎಂದ. ಗಾಜಿನ ಹಿಂದೆ ಆ ಕಣ್ಣು ದೊಡ್ಡದಾಗಿ, ತೇವವಾಗಿ ಕಾಣುತ್ತಿತ್ತು.

ಮದುವೆ ಅವರ ಊರಿನ ನೋಂದಣಿ ಕಚೇರಿಯಲ್ಲಿ. ಸೋಂಕಿನ ದೆಸೆಯಿಂದ ಅಲ್ಲಿ ದಿನಕ್ಕೆ ಎರಡೇ ಜೋಡಿ, ಜೋಡಿಯ ಜೊತೆ ಇಬ್ಬರೇ ಸಾಕ್ಷಿಗಳು. ಎರಡು ತಿಂಗಳು ಕಾದ ಮೇಲೆ ನಮಗೊಂದು ಶುಕ್ರವಾರ ಸಿಕ್ಕಿತು, ಮಧ್ಯಾಹ್ನ ಒಂದು ಗಂಟೆಗೆ. ತಪ್ಪಿದರೆ ಮತ್ತೆ ಸಾಲಿನ ಕೊನೆಗೆ. ಕಚೇರಿಗಳು ಪುನಃ ಮುಚ್ಚುತ್ತವೆ ಎಂಬ ಸುದ್ದಿಯೂ ಓಡಾಡುತ್ತಿತ್ತು. ಒಂದು ಸಲ ತಪ್ಪಿದವಳು ನಾನು, ಇನ್ನೊಂದು ಸಲ ತಪ್ಪಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಆ ಊರಿಗೆ ದಿನಕ್ಕೆ ಒಂದೇ ರೈಲು, ಬೆಳಿಗ್ಗೆ ಎಂಟು ಹತ್ತಕ್ಕೆ. ರೈಲು ಹತ್ತಬೇಕಾದರೂ ಸರಿ, ಕಚೇರಿಯೊಳಗೆ ಕಾಲಿಡಬೇಕಾದರೂ ಸರಿ, ಎರಡು ಡೋಸ್ ಲಸಿಕೆ ಹಾಕಿಸಿಕೊಂಡ ಸರ್ಟಿಫಿಕೇಟ್ ಬೇಕು. ಅದರ ಮೇಲೊಂದು ಕಪ್ಪು ಬಿಳುಪು ಚೌಕದ ಕೋಡ್ ಇರುತ್ತದಲ್ಲ, ಅದನ್ನು ಬಾಗಿಲಲ್ಲಿ ಮಷಿನ್ ನೋಡುತ್ತದೆ. ಹಸಿರು ದೀಪ ಬಂದರೆ ಒಳಗೆ, ಕೆಂಪು ಬಂದರೆ ಮನೆಗೆ.

ಬುದ್ಧಿವಂತ ಫೋನ್ ಇರುವವರು ಅದನ್ನು ಫೋನಿನಲ್ಲೇ ತೋರಿಸುತ್ತಾರೆ. ನನ್ನದೂ ಅಣ್ಣನದೂ ಗುಂಡಿ ಒತ್ತುವ ಫೋನು. ನಮ್ಮಂಥವರಿಗಾಗಿ ಅತ್ತಿಗೆ ಕಂಪ್ಯೂಟರಿನಿಂದ ಸರ್ಟಿಫಿಕೇಟ್ ತೆಗೆದು, ಪ್ರಿಂಟ್ ಮಾಡಿ ಕೊಡುತ್ತಿದ್ದಳು. ನಮ್ಮ ಬೀದಿಯ ಅರ್ಧ ಜನ ಅವಳ ಪ್ರಿಂಟ್ ಹಿಡಿದುಕೊಂಡೇ ಸಿನಿಮಾಕ್ಕೂ ಲೈಬ್ರರಿಗೂ ಹೋಗಿ ಬಂದಿದ್ದರು. ಯಾರೂ ವಾಪಸ್ ಬಂದು ದೂರಿದ್ದಿಲ್ಲ. ನನ್ನದನ್ನೂ ಅವಳೇ ಪ್ರಿಂಟ್ ಮಾಡಿದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಣ್ಣ ಅದನ್ನು ಅವಳ ಕೈಯಿಂದ ಇಸಿದುಕೊಂಡು, ‘ಇದು ಮದುವೆಗೆ ಹೋಗೋ ಕಾರ್ಡು. ಹೀಗೆ ಬೋಳುಬೋಳಾಗಿ ಕೊಡೋದಾ? ನಾನು ಮಾಡ್ತೀನಿ,’ ಎಂದ.

ಮೂರು ದಿನ ಅವನು ಮೇಜಿನಿಂದ ಏಳಲಿಲ್ಲ. ಯಾರಾದರೂ ಹತ್ತಿರ ಹೋದರೆ ಅಂಗೈ ಅಡ್ಡ ಇಟ್ಟುಕೊಳ್ಳುತ್ತಿದ್ದ. ನನಗೂ ಗಡಿಬಿಡಿ. ಬಾಕಿ ಕಟ್ಟುಗಳನ್ನು ಮುಗಿಸಬೇಕಿತ್ತು, ಬಟ್ಟೆ ಜೋಡಿಸಿಕೊಳ್ಳಬೇಕಿತ್ತು, ಶೋಕೇಸಿನವಳ ಗಾಜನ್ನು ಇನ್ನು ಮುಂದೆ ಯಾರು ಒರೆಸುತ್ತಾರೆ ಎಂಬ ಬೇಡದ ಚಿಂತೆ ಬೇರೆ.

ಶುಕ್ರವಾರ ಏಳೂವರೆಗೆಲ್ಲ ಸ್ಟೇಷನ್ನಿನಲ್ಲಿದ್ದೆವು. ಅಣ್ಣ ನನ್ನ ಕಡೆಯ ಸಾಕ್ಷಿ. ಗೇಟಿನ ಮುಂದಿನ ಸಾಲಿನಲ್ಲಿ ನಿಂತಾಗ ಒಂದು ಲಕೋಟೆ ತೆಗೆದು ಕೊಟ್ಟ. ಒಳಗೆ ಕಾರ್ಡು. ಹೊಳೆಯುವ ಫೋಟೋ ಪೇಪರಿನ ಮೇಲೆ ಹೊಸದಾಗಿ ತೆಗೆದ ಪ್ರಿಂಟು, ಎಡಕ್ಕೆ ನನ್ನದೊಂದು ಫೋಟೋ, ಬಲಕ್ಕೆ ಕೋಡು, ಸುತ್ತ ತೆಳುವಾದ ಚಿನ್ನದ ಗೆರೆ. ಅದನ್ನೊಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಕತ್ತಿಗೆ ಹಾಕಿಕೊಳ್ಳಲು ದಾರವನ್ನೂ ಕಟ್ಟಿದ್ದ. ಫೋಟೋದಲ್ಲಿ ಮಚ್ಚೆ ಇರಲಿಲ್ಲ. ಅದನ್ನು ನೋಡಿ ಎದೆಯಲ್ಲೊಂದು ಹಳೆಯ ನೋವು ಚುಳ್ಳೆಂದಿತು. ಆದರೆ ಮದುವೆಯ ದಿನ ಜಗಳ ಯಾಕೆ ಎಂದು ನುಂಗಿಕೊಂಡೆ. ಹೇಗೂ ನನ್ನ ಮುಖಕ್ಕೆ ಮಾಸ್ಕ್ ಇದೆ, ಎರಡು ವರ್ಷದಿಂದ ಊರಿಗೇ ನನ್ನ ಮಚ್ಚೆ ಮರೆತುಹೋಗಿದೆ. ಕೋಡನ್ನೂ ನೋಡಿದೆ. ನಾಲ್ಕು ಮೂಲೆಗೆ ನಾಲ್ಕು ಚೌಕ, ಅಚ್ಚುಕಟ್ಟು. ನಮ್ಮ ಕಸುಬಿನ ಕಣ್ಣಿಗೆ ತಂಪಾಯಿತು. ಚೆನ್ನಾಗಿದೆ ಅಣ್ಣ ಎಂದೆ. ಸತ್ಯವಾಗಿಯೂ ಹಾಗೆಂದೆ, ಆ ಪಾಪದಲ್ಲಿ ನನ್ನ ಪಾಲೂ ಇದೆ.

ಗೇಟಿನಲ್ಲಿ ಕನ್ನಡಕದ ಹುಡುಗಿಯೊಬ್ಬಳು ಮಷಿನ್ ಹಿಡಿದು ನಿಂತಿದ್ದಳು. ಮೊದಲು ಅಣ್ಣನ ಸರದಿ. ಅವನು ಅಂಗಿಯ ಜೇಬಿನಿಂದ ನಾಲ್ಕು ಮಡಿಕೆ ಹಾಕಿದ್ದ ಒಂದು ಕಾಗದ ತೆಗೆದ. ಅತ್ತಿಗೆಯ ಬೋಳು ಪ್ರಿಂಟು. ಅದರ ಮೂಲೆಯಲ್ಲಿ ಚಹಾ ಲೋಟದ ಅರ್ಧ ಉಂಗುರವೂ ಇತ್ತು. ಮಷಿನ್ ಕುಂಯ್ ಎಂದಿತು, ಹಸಿರು ದೀಪ.

ಆಮೇಲೆ ನಾನು ಕತ್ತಿನಲ್ಲಿದ್ದ ಕಾರ್ಡನ್ನು ಗತ್ತಿನಿಂದ ಮುಂದೆ ಹಿಡಿದೆ. ಕೆಂಪು ದೀಪ. ಹುಡುಗಿ ಪ್ಲಾಸ್ಟಿಕ್ ಕವರಿನಿಂದ ಕಾರ್ಡು ತೆಗೆಸಿ ಮತ್ತೆ ತೋರಿಸಿದಳು. ಕೆಂಪು. ಮಷಿನ್ ಒರೆಸಿ ಇನ್ನೊಮ್ಮೆ. ಕೆಂಪು. ಅವಳು ಕಾರ್ಡನ್ನು ಕಣ್ಣಿನ ಹತ್ತಿರ ತಂದು ನೋಡಿದಳು.

‘ಆಂಟಿ, ಈ ಕೋಡಲ್ಲಿ ನಾಲ್ಕು ಚೌಕ ಯಾಕಿದೆ?’

‘ಮೂಲೆ ನಾಲ್ಕಲ್ವಾ?’ ಎಂದೆ.

‘ಮೂಲೆ ನಾಲ್ಕು. ಚೌಕ ಮೂರೇ ಇರಬೇಕು. ಎಲ್ಲರದ್ದೂ ಮೂರೇ.’

‘ಒಂದು ಬಿಟ್ಟುಹೋಗಿತ್ತು,’ ಎಂದು ಪಕ್ಕದಲ್ಲೇ ನಿಂತಿದ್ದ ಅಣ್ಣ ವಿವರಿಸಿದ. ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ‘ಮಾಡಿದವನು ಅರ್ಧಂಬರ್ಧ ಮಾಡಿದ್ದ. ಮೂರು ಮೂಲೆಗೆ ಹಾಕಿ ನಾಲ್ಕನೇದು ಮರೆತಿದ್ದ. ನಾನು ಹಾಕಿದೆ. ಒಳಗೆಲ್ಲಾ ಧೂಳಿನ ಚುಕ್ಕೆ ಬೇರೆ ತುಂಬಿತ್ತು, ಒಂಟೊಂಟಿಯಾಗಿ. ಅದನ್ನೂ ತೆಗೆದೆ. ಒಂದು ನೂರಿಪ್ಪತ್ತು ಇದ್ವು.’

ಹುಡುಗಿಯ ಕಣ್ಣು ಕನ್ನಡಕಕ್ಕಿಂತ ದೊಡ್ಡದಾಯಿತು. ‘ಅಂಕಲ್, ಅದು ಧೂಳಲ್ಲ. ಅದೇ ಕೋಡು!’

ಹುಡುಗಿ ನನ್ನ ಗುರುತಿನ ಚೀಟಿ ಕೇಳಿ ತೆಗೆದುಕೊಂಡಳು. ಮಾಸ್ಕ್ ಒಂದು ಕ್ಷಣ ಇಳಿಸಿ ಎಂದಳು. ನಾನು ಇಳಿಸಿದೆ. ಅವಳು ಚೀಟಿ ನೋಡಿದಳು, ಕಾರ್ಡು ನೋಡಿದಳು, ನನ್ನ ಕೆನ್ನೆ ನೋಡಿದಳು.

‘ಈ ಫೋಟೋದಲ್ಲಿರೋದು ನೀವೇನಾ?’

ಮೂವತ್ತು ವರ್ಷದ ಹಿಂದಿನ ಅದೇ ಮಾತು, ಒಂದಕ್ಷರವೂ ಆಚೀಚೆ ಆಗಿರಲಿಲ್ಲ. ನಾನು ಅಣ್ಣನ ಕಡೆ ತಿರುಗಿದೆ. ಅವನು ನೆಲ ನೋಡುತ್ತಿದ್ದ.

‘ನೋಡಿ ಆಂಟಿ, ಸುಳ್ಳು ಸರ್ಟಿಫಿಕೇಟ್ ತುಂಬಾ ಬರ್ತಿದೆ. ಮಷಿನ್ ಒಪ್ಪದೆ ನಾನು ಬಿಡೋ ಹಾಗಿಲ್ಲ,’ ಎಂದಳು ಹುಡುಗಿ, ಪಾಪ, ಮೆತ್ತಗೇ. ‘ಬೇರೆ ಪ್ರಿಂಟ್ ಇದೆಯಾ?’

ಅತ್ತಿಗೆಗೆ ಫೋನ್ ಮಾಡಿದೆ. ಸರ್ಟಿಫಿಕೇಟ್ ಸ್ಟುಡಿಯೋದ ಕಂಪ್ಯೂಟರಿನಲ್ಲಿದೆ, ಯಾರ ಫೋನಿಗೆ ಬೇಕಾದರೂ ಕಳಿಸುತ್ತೇನೆ, ಆದರೆ ಸ್ಟುಡಿಯೋದ ಬೀಗದ ಕೈ ಎಲ್ಲಿ ಎಂದು ಅವಳು ಕೇಳಿದಳು. ಅಣ್ಣ ಪ್ಯಾಂಟಿನ ಜೇಬು ತಟ್ಟಿಕೊಂಡ. ಅದು ಅವನ ಹತ್ತಿರ ಕಿಣಿಕಿಣಿ ಎಂದಿತು. ಹುಡುಗಿ ತನ್ನ ಫೋನಿನಿಂದಲೇ ಹೊಸದಾಗಿ ತೆಗೆಯಲು ನೋಡಿದಳು. ಸರ್ವರ್ ಬೆಳಿಗ್ಗೆಯಿಂದ ಮಲಗಿಬಿಟ್ಟಿದೆ, ನಮ್ಮ ಮಷಿನ್ನಿಗೆ ಅದರ ಹಂಗಿಲ್ಲದ್ದಕ್ಕೆ ಇದಾದರೂ ನಡೆಯುತ್ತಿದೆ ಎಂದಳು. ಗಡಿಯಾರದಲ್ಲಿ ಏಳು ಐವತ್ತೈದು. ರೈಲು ಆಗಲೇ ಪ್ಲಾಟ್‌ಫಾರ್ಮಿಗೆ ಬಂದು ನಿಂತಿತ್ತು. ಸಾಲಿನವರು ನಮ್ಮನ್ನು ಬಳಸಿಕೊಂಡು, ಹಸಿರು ದೀಪ ಹಚ್ಚಿಸಿಕೊಂಡು ಒಳಗೆ ಹೋಗುತ್ತಿದ್ದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಜೀವಮಾನದಲ್ಲಿ ಅಣ್ಣನ ಮೇಲೆ ಎಗರಾಡಿದವಳಲ್ಲ ನಾನು. ಅವತ್ತು ಸ್ಯಾನಿಟೈಸರ್ ಬಾಟಲಿಯ ಕಂಬ ಹಿಡಿದುಕೊಂಡು ಎಗರಾಡಿದೆ.

‘ಬೇಕಂತಲೇ ಮಾಡಿದ್ದೀಯ! ನಾನು ಹೋದ್ರೆ ಕಟ್ಟು ಹಾಕೋಕೆ ಯಾರೂ ಸಿಗಲ್ಲ ಅಂತ ಮಾಡಿದ್ದೀಯ!’

‘ಇಲ್ಲ ಕಣೇ.’

‘ಮತ್ತೆ ನಿಂದು ಹೇಗೆ ಪಾಸಾಯ್ತು? ನಿಂದಕ್ಕೆ ಯಾಕೆ ಟಚಿಂಗ್ ಮಾಡಿಲ್ಲ? ನಿಂದರಲ್ಲಿ ಧೂಳು ಇರಲಿಲ್ವಾ?’

ಅಣ್ಣ ಆ ನಾಲ್ಕು ಮಡಿಕೆಯ ಕಾಗದವನ್ನು ಕೈಯಲ್ಲಿ ತಿರುಗಿಸುತ್ತಾ ನಿಂತ. ‘ನಂದು ಯಾರು ನೋಡ್ತಾರೆ?’ ಎಂದ. ‘ನಂದಕ್ಕೆ ಯಾಕೆ ಅಷ್ಟು ಕಷ್ಟ? ನಿಂದು ಹಂಗಲ್ವಲ್ಲ. ಹೋದ ಸಲ ಅವಸರದಲ್ಲಿ ಮಾಡಿದ್ದೆ, ಒಂದು ರಾತ್ರೀಲಿ. ಅದಕ್ಕೇ ಕೆಟ್ಟುಹೋಯ್ತು. ಈ ಸಲ ಒಂದು ಚೂರೂ ತಪ್ಪಾಗಬಾರದು ಅಂತ ಮೂರು ದಿನ ಕೂತೆ.’

ನನ್ನ ಸಿಟ್ಟು ಅಲ್ಲೇ ಕಾಲು ಮುರಿದುಕೊಂಡು ಬಿತ್ತು. ಮೂವತ್ತು ವರ್ಷ ಈ ಮನುಷ್ಯ, ತನ್ನ ಟಚಿಂಗ್ ಸಾಲದೇ ಹೋದದ್ದಕ್ಕೆ ತಂಗಿಯ ಮದುವೆ ಮುರಿಯಿತು ಎಂದುಕೊಂಡು ಬದುಕಿದ್ದಾನೆ! ಇನ್ನೂ ಸ್ವಲ್ಪ ಚೆನ್ನಾಗಿ ಮುಚ್ಚಿದ್ದರೆ ನಾನು ಗಂಡನ ಮನೆಯಲ್ಲಿರುತ್ತಿದ್ದೆ ಎಂದುಕೊಂಡಿದ್ದಾನೆ. ನಗು ಬಂತು, ಅಳುವೂ ಬಂತು. ಎರಡನ್ನೂ ಮಾಸ್ಕಿನೊಳಗೆ ಇಟ್ಟುಕೊಂಡು, ಇಷ್ಟು ವರ್ಷ ಹೇಳದೇ ಇದ್ದದ್ದನ್ನು ಹೇಳಿದೆ.

‘ಅಣ್ಣ, ಆ ಫೋಟೋ ಚೆನ್ನಾಗೇ ಇತ್ತು. ಅದರಲ್ಲಿ ನಾನಿರಲಿಲ್ಲ, ಅಷ್ಟೇ.’

ಅವನು ಕಾರ್ಡನ್ನು ನನ್ನ ಕೈಯಿಂದ ತೆಗೆದುಕೊಂಡು, ತನ್ನ ಮೂರು ದಿನದ ಕೆಲಸವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದ. ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು, ಮಾಸ್ಕ್ ಕೆಳಗೆಳೆದು, ಅದರ ತುದಿಯನ್ನು ನಾಲಿಗೆಯ ಹತ್ತಿರ ಒಯ್ದ.

‘ಮಾಸ್ಕ್! ಅಂಕಲ್, ಮಾಸ್ಕ್!’ ಹುಡುಗಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು. ಸಾಲಿನಲ್ಲಿದ್ದವರೂ ಹಾರಿದರು.

‘ಎಲ್ಲಾ ನೀರಿನ ಬಣ್ಣ,’ ಎಂದ ಅಣ್ಣ, ಮಾಸ್ಕ್ ಸರಿ ಮಾಡಿಕೊಂಡು. ‘ವಾರ್ನಿಷ್ ಹಾಕೋಕೆ ಸಮಯ ಸಿಗಲಿಲ್ಲ. ಒದ್ದೆ ಬಟ್ಟೆ ಹಾಕಿದ್ರೆ ಬರುತ್ತೆ. ಕೆಳಗಿನದು ಹಾಗೇ ಇದೆ.’

ನಾನು ಸ್ಯಾನಿಟೈಸರ್ ಒತ್ತಲು ಹೋದೆ. ‘ಅದು ಬೇಡ, ಕೆಳಗಿನ ಮಸೀನೂ ಎದ್ದುಬರುತ್ತೆ, ನೀರು ಕೊಡು!’ ಎಂದು ಗದರಿದ. ನೀರಿನ ಬಾಟಲಿ ಕೊಟ್ಟೆ. ಟಿಕೆಟ್ ಕೌಂಟರಿನ ಕಟ್ಟೆಯ ಮೇಲೆ ಕಾರ್ಡು ಇಟ್ಟು, ಕರವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಅವನು ಒರೆಸತೊಡಗಿದ. ಮೊದಲು ನಾಲ್ಕನೇ ಮೂಲೆಯ ಚೌಕ. ಎಷ್ಟು ನೇರವಾಗಿ ಬರೆದಿದ್ದ ಅದನ್ನು! ಕಪ್ಪು ಕರಗಿ ಬಟ್ಟೆಗೆ ಬಂತು, ಅಡಿಯಿಂದ ಪುಡಿಪುಡಿ ಚುಕ್ಕೆಗಳು ಮೇಲೆದ್ದವು. ಆಮೇಲೆ ಅವನಿಟ್ಟಿದ್ದ ಬಿಳಿ. ಒಂದೊಂದು ಬಿಳಿಯ ಕೆಳಗಿನಿಂದಲೂ ಒಂದೊಂದು ಕಪ್ಪು ಇಣುಕಿತು. ನಾಲ್ಕು ದಶಕ ಚುಕ್ಕೆಗಳನ್ನು ಓಡಿಸಿದ ಕೈ ಈಗ ಅವನ್ನು ಕರೆದು ಕರೆದು ಕೂರಿಸುತ್ತಿತ್ತು. ಕನ್ನಡಕದ ಹುಡುಗಿ ಅಂತರ ಮರೆತು ಹತ್ತಿರ ಬಂದು, ‘ಅಂಕಲ್, ಇಲ್ಲೊಂದು, ಇಲ್ಲೊಂದು,’ ಎಂದು ತೋರಿಸಿಕೊಡುತ್ತಿದ್ದಳು.

ಎಂಟು ಗಂಟೆ ಐದು ನಿಮಿಷ. ಮಷಿನ್ ಹಿಡಿದಳು. ನಾನು ಕಣ್ಣು ಮುಚ್ಚಿಕೊಂಡೆ. ಕುಂಯ್ ಎಂದಿತು.

‘ಹಸಿರು!’ ಎಂದು ಹುಡುಗಿ ಕೂಗಿದಳು. ತೆರೆಯ ಮೇಲೆ ಬಂದ ಹೆಸರನ್ನು ಗುರುತಿನ ಚೀಟಿಯ ಜೊತೆ ಹೋಲಿಸಿ ನೋಡಿ, ‘ಸರಿಯಾಗಿದೆ, ಹೋಗಿ ಹೋಗಿ, ಓಡಿ,’ ಎಂದಳು.

ಚೀಲ ಎತ್ತಿಕೊಂಡು ಓಡಿದೆ. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಅಣ್ಣ ಜೊತೆಯಲ್ಲಿಲ್ಲ. ಇನ್ನೂ ಆ ಕಟ್ಟೆಯ ಮುಂದೆಯೇ ಬಗ್ಗಿಕೊಂಡಿದ್ದಾನೆ.

‘ಅಣ್ಣ! ಹಸಿರು ಬಂತಲ್ಲ, ಸಾಕು ಬಾರೋ!’

‘ಒಂದು ನಿಮಿಷ.’

‘ರೈಲು ಬಿಡ್ತಾರೆ!’

‘ಬಂದೆ ಅಂದ್ನಲ್ಲ.’

ಗಾರ್ಡು ಸೀಟಿ ಊದಿದ. ಅಣ್ಣ ಕರವಸ್ತ್ರದ ಒಂದು ಸ್ವಚ್ಛ ತುದಿ ಹುಡುಕಿ, ನೀರಿಗೆ ತಾಗಿಸಿ, ಕಾರ್ಡಿನ ಎಡಭಾಗಕ್ಕೆ ಮೆಲ್ಲಗೆ ಒತ್ತಿ ತೆಗೆದ. ಆಮೇಲೆ ಅರವತ್ತು ದಾಟಿದ ನಮ್ಮಣ್ಣ ಓಡಿಬಂದದ್ದನ್ನು ನೋಡಬೇಕಿತ್ತು. ಒಂದು ಕೈಯಲ್ಲಿ ಕಾರ್ಡು, ಇನ್ನೊಂದರಲ್ಲಿ ಕರವಸ್ತ್ರ, ಮಾಸ್ಕ್ ಒಂದು ಕಿವಿಗೆ ಜೋತಾಡುತ್ತಿತ್ತು. ನಾನು ಬೋಗಿಯ ಬಾಗಿಲಿನಿಂದ ಕೈ ಕೊಟ್ಟು ಎಳೆದುಕೊಂಡೆ.

ಸೀಟಿನಲ್ಲಿ ಕುಳಿತು ಉಸಿರು ಸರಿಹೋದ ಮೇಲೆ ಕಾರ್ಡು ನೋಡಿದೆ. ಬಲಗೆನ್ನೆಯ ಮೇಲೆ ಮಚ್ಚೆ ಬಂದಿತ್ತು. ಸುತ್ತ ಸ್ವಲ್ಪ ಬಣ್ಣ ಕಲಸಿಕೊಂಡು ಕೆನ್ನೆ ಮಾಸಲಾಗಿತ್ತು. ಚಿನ್ನದ ಗೆರೆ ಒಂದು ಕಡೆ ಅಳಿಸಿಹೋಗಿತ್ತು. ಅಣ್ಣನ ಕೈಯಿಂದ ಅಷ್ಟು ಕೆಟ್ಟ ಕೆಲಸ ಹೊರಬಿದ್ದದ್ದು ಅದೇ ಮೊದಲು. ಅವನು ಅದನ್ನು ನೋಡಲಾರದೆ ಕಿಟಕಿಯ ಕಡೆ ಮುಖ ಮಾಡಿಕೊಂಡ. ನಾನು ಅದನ್ನು ಕತ್ತಿಗೆ ಹಾಕಿಕೊಂಡು, ಅವನ ಮಾಸ್ಕಿನ ಇನ್ನೊಂದು ದಾರವನ್ನು ಕಿವಿಗೆ ಸಿಕ್ಕಿಸಿದೆ.

ನೋಂದಣಿ ಕಚೇರಿಯ ಬಾಗಿಲಲ್ಲಿಯೂ ಮಷಿನ್ ಹಸಿರೆಂದಿತು. ಒಳಗೆ ಅಧಿಕಾರಿ ದೊಡ್ಡದೊಂದು ಗಾಜಿನ ಹಿಂದೆ ಕುಳಿತಿದ್ದರು. ಸಹಿ ಹಾಕುವ ಮೊದಲು ಗಾಜಿನವರು ಆ ಗಾಜನ್ನು ಬೆರಳಿನಿಂದ ತಟ್ಟಿ, ‘ಮೂರು ಮಿಲಿಮೀಟರ್. ಸಾಲದು, ನಾಲ್ಕಾದ್ರೂ ಬೇಕಿತ್ತು,’ ಎಂದು ನನ್ನ ಕಿವಿಯಲ್ಲಿ ಹೇಳಿದರು. ಗುರುತು ನೋಡಬೇಕು, ಮಾಸ್ಕ್ ತೆಗೆಯಿರಿ ಎಂದರು ಅಧಿಕಾರಿ. ತೆಗೆದೆ. ಗಾಜಿನವರು ನನ್ನ ಕಡೆ ತಿರುಗಿ, ಎರಡು ವರ್ಷದ ಮೇಲೆ ಮೊದಲ ಸಲ ನನ್ನ ಪೂರ್ತಿ ಮುಖ ನೋಡಿದರು. ಆ ಮುಖ ನೋಡಿ ಅವರಿಗೆ ತುಂಬಾ ಸಂತೋಷವಾಯಿತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಇದೆಲ್ಲ ಆಗಿ ಮೂರು ವಾರವಾಗಿದೆ. ಈಗ ಗಾಜಿನ ಅಂಗಡಿಯ ಫೋನ್ ಎತ್ತುವುದು ನನ್ನ ಕೆಲಸ. ಮೊನ್ನೆ ಮಂಗಳವಾರ, ಸರಿಯಾಗಿ ಹನ್ನೊಂದು ಗಂಟೆಗೆ, ಫೋನ್ ಬಂತು.

‘ಗಾಜು ಬೇಕಾ?’ ಎಂದೆ, ಯಾರೆಂದು ಗೊತ್ತಿದ್ದೂ.

‘ಒಂದು ಬೇಕಿತ್ತು,’ ಎಂದ ಅಣ್ಣ. ‘ಹದಿನೈದು, ಹತ್ತೊಂಬತ್ತೂವರೆ.’

ಆ ಅಳತೆಯ ಗಾಜನ್ನು ನಾನು ಜೀವಮಾನದಲ್ಲಿ ಒಂದೇ ಸಲ ಕೊಯ್ದದ್ದು. ‘ಶೋಕೇಸಿನವಳದ್ದಾ? ಏನಾಯ್ತು ಅವಳಿಗೆ?’

‘ಬಿಚ್ಚೋವಾಗ ಒಡೀತು.’

‘ಯಾಕೆ ಬಿಚ್ಚಿದೆ?’

ಹಿಂದಿನಿಂದ ಅತ್ತಿಗೆ ‘ಹೇಳ್ರೀ, ಹೇಳಿ’ ಎನ್ನುವುದು ಕೇಳಿಸಿತು.

‘ಒರೆಸೋಕೆ,’ ಎಂದ. ‘ಆಗ ವಾರ್ನಿಷ್ ಹಾಕಿಬಿಟ್ಟಿದ್ನಲ್ಲ. ಹತ್ತೀಲಿ ಉಜ್ಜಿ ಉಜ್ಜಿ ತೆಗೆಯೋಕೆ ಎರಡು ದಿನ ಹಿಡೀತು.’

ಅವನೇ ಮುಂದುವರಿಸಿದ. ‘ಗಾಜಿಲ್ದೇನೇ ಶೋಕೇಸಲ್ಲಿ ಇಟ್ಟಿದ್ದೀನಿ. ಇವತ್ತು ಬೆಳಿಗ್ಗೆ ಎದುರುಗಡೆ ಔಷಧಿ ಅಂಗಡಿಯವನು ಬಂದು, ನಿಮ್ಮ ಫೋಟೋ ಮೇಲೆ ನೊಣ ಕೂತಿದೆ ಅಂತ ಪೇಪರ್ ಸುತ್ತಿ ಹೊಡೆಯೋಕೆ ಹೋದ.’

‘ನೀನೇನು ಮಾಡಿದೆ?’

‘ಕೈ ಹಿಡ್ಕೊಂಡೆ. ನೊಣ ಅಲ್ಲ ಮಾರಾಯ, ಅದು ನನ್ನ ತಂಗಿ ಅಂದೆ.’

ನಾನು ಪೆನ್ಸಿಲ್ ಎತ್ತಿಕೊಂಡು, ಅಳತೆ ಇನ್ನೊಂದು ಸಲ ಹೇಳು ಎಂದೆ. ಅಳತೆ ನನಗೆ ಬಾಯಿಪಾಠವಾಗಿತ್ತು.